ಯಾರೂ ಒತ್ತದ ಬೆಲ್ಲು

ಆ ಕುರ್ಚಿ ಬೇಡ, ಅದರ ಕಾಲು ಅಲ್ಲಾಡುತ್ತೆ. ಇಲ್ಲಿ, ನನ್ನ ಮಗ್ಗುಲಿಗೆ ಬಾ. ಎಲ್ಲಿಗೆ ನಿಲ್ಲಿಸಿದ್ದೆ? ಹಾಂ, ಗುಬ್ಬಿ. ನನ್ನ ಮಗನ ಮಗಳು. ಹುಟ್ಟಿದಾಗ ಅಂಗೈಯಗಲ ಇದ್ದಳು, ಅದಕ್ಕೇ ಗುಬ್ಬಿ ಅಂದೆ. ಈಗ ಡಾಕ್ಟರಾಗಿದ್ದಾಳೆ, ರೋಗಿಗಳ ಮುಂದೆ ಹಾಗೆ ಕರೀಬೇಡ ಅಂತಾಳೆ. ನಾನು ಎಲ್ಲಿ ಕೇಳ್ತೀನಿ!

ನನ್ನ ಮನೆಯಿಂದ ಹಳೇ ಆಸ್ಪತ್ರೆ ಹತ್ತಿರ ಅಂತ ಅವಳು ಕಲಿಯೋ ಕಾಲದಿಂದ ಇಲ್ಲೇ ಇದ್ದಳು. ಬಂದರೆ ಚಪ್ಪಲಿ ಒಂದು ಕಡೆ, ಬ್ಯಾಗು ಒಂದು ಕಡೆ. ಇಡೀ ದಿನ ಬೇರೆಯವರ ಮೈ ನೋಡಿಕೊಳ್ಳೋಳು, ತನ್ನ ತಲೆ ಬಾಚಿಕೊಳ್ಳೋಕೆ ಬಿಡುವಿರಲಿಲ್ಲ.

ಒಂದು ಮಧ್ಯಾಹ್ನ ಇಬ್ಬರೂ ಊಟಕ್ಕೆ ಕೂತಿದ್ದೆವು. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟು ದಡಬಡ ಎದ್ದು ಹೋಗಿ ಬಾಗಿಲು ತೆಗೆದಳು. ಹೊರಗೆ ಬಿಸಿಲು ಬಿಟ್ಟರೆ ಯಾರೂ ಇಲ್ಲ.

"ಬೆಲ್ ಆಯ್ತಲ್ಲ ಅಜ್ಜಿ?"

"ಇಲ್ವಲ್ಲೇ. ನನಗೇನೂ ಕೇಳಿಸಲಿಲ್ಲ."

"ನಿನ್ನ ಕಿವಿ ಬಿಡು."

"ನನ್ನ ಕಿವಿಗೇನಾಗಿದೆ? ಪಕ್ಕದ ಮನೆಯೋಳು ನನ್ನನ್ನ ಬೈಯೋದು ಗೋಡೆ ದಾಟಿ ಬಂದು ಕೇಳುತ್ತೆ."

ಅವಳು ನಗಲಿಲ್ಲ. ಮಾರನೇ ದಿನ ಮತ್ತೆ ಎದ್ದಳು. ಸ್ನಾನದ ಮನೆಯಿಂದ ನೀರು ಸುರಿಸಿಕೊಂಡು ಓಡಿ ಬಂದಳು ಒಂದು ಸಲ. ಕೊನೆಗೆ ನಾನು ಕರೆಂಟಿನವನನ್ನು ಕರೆಸಿ ಬಾಗಿಲ ಬೆಲ್ಲಿನ ತಂತಿಯನ್ನೇ ಕೀಳಿಸಿಬಿಟ್ಟೆ. ಇನ್ನು ಬಂದವರು ಬಾಗಿಲು ಬಡಿಯಲಿ, ಕೈ ಇಲ್ಲವೇ ಅವರಿಗೆ? ಆ ಸಂಜೆ ತಂತಿಯಿಲ್ಲದ ಬೆಲ್ಲಿಗೂ ಎದ್ದು ಹೋದಳು ನೋಡು.

ಕೈ ಹಿಡಿದು ಕೂರಿಸಿದೆ. ಹೇಳಿದಳು. ಹಳೇ ಆಸ್ಪತ್ರೆಯ ಅವಳ ವಾರ್ಡಿನಲ್ಲಿ, ಕಿಟಕಿ ಪಕ್ಕದ ಮಂಚದಲ್ಲಿ, ಬಟ್ಟೆ ಹೊಲಿದು ಬದುಕಿದ್ದ ಒಬ್ಬ ಮುದುಕಿ ಇದ್ದಳಂತೆ. ಬೆಲ್ ಒತ್ತೋದೇ ಕೆಲಸ. ಹೊದಿಕೆ ಸರಿ ಮಾಡು, ಗಂಟೆ ಎಷ್ಟು, ಆ ಮೋಡ ಎತ್ತ ಹೋಯಿತು. ವಾರ್ಡಿನವರೆಲ್ಲ ಅವಳಿಗೆ ಬೆಲ್ಲಮ್ಮ ಅಂತಲೇ ಹೆಸರಿಟ್ಟಿದ್ದರು. ಒಬ್ಬರಿಗೆ ಹಾಗೆ ಹೆಸರು ಬಿತ್ತು ಅಂದರೆ ಮುಗೀತು ನೋಡು, ಅವರ ಬೆಲ್ಲು ಯಾರ ಕಿವಿಗೂ ಹೋಗೋದಿಲ್ಲ. ಒಂದು ಸಂಜೆ ಬೆಲ್ ಆಯಿತು. ನರ್ಸು, "ಬೆಲ್ಲಮ್ಮಂದು, ಮೋಡ ಕೇಳೋಕೆ" ಅಂದಳು. ಗುಬ್ಬಿಯೂ ನಕ್ಕು, ಬರೆಯುತ್ತಿದ್ದ ಕೇಸ್ ಶೀಟ್ ಮುಗಿಸಿಯೇ ಎದ್ದಳು. ಹೋಗಿ ನೋಡಿದರೆ ಮುದುಕಿಯ ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು. ಬೆಲ್ಲು ಬಡಿದುಕೊಳ್ಳುತ್ತಲೇ ಇತ್ತು. ಜೀವ ಇರಲಿಲ್ಲ.

"ಶ್ವಾಸಕೋಶಕ್ಕೆ ರಕ್ತದ ಹೆಪ್ಪು ಹೋಗಿತ್ತು. ನಾನು ಪಕ್ಕದಲ್ಲೇ ನಿಂತಿದ್ದರೂ ಉಳಿಸೋಕೆ ಆಗ್ತಿರಲಿಲ್ಲ ಅಂತ ದೊಡ್ಡ ಡಾಕ್ಟರೇ ಹೇಳಿದ್ರು ಅಜ್ಜಿ."

"ಮತ್ತೆ? ಅವರೇ ಹೇಳಿದ ಮೇಲೆ ಇನ್ನೇನು?"

"ಉಳಿಸೋಕೆ ಆಗ್ತಿರಲಿಲ್ಲ. ಪಕ್ಕದಲ್ಲಿ ನಿಲ್ಲೋಕೆ ಆಗ್ತಿತ್ತು."

ಅವಳ ಬೆನ್ನು ಸವರಿದೆ.

ಇಷ್ಟರಲ್ಲೇ ಬಂತು ನೋಡು ಆ ಪಟ್ಟಿ ತುಂಬೋ ಕಾಲ. ತಜ್ಞೆ ಆಗಬೇಕಾದರೆ ಇನ್ನೂ ಮೂರು ವರ್ಷ ಯಾವುದಾದರೂ ಆಸ್ಪತ್ರೆಯಲ್ಲಿ ದುಡಿದು ಕಲೀಬೇಕು. ಇವರು ತಮಗೆ ಬೇಕಾದ ಆಸ್ಪತ್ರೆಗಳನ್ನು ಒಂದನೆಯದು, ಎರಡನೆಯದು ಅಂತ ಬರೆದು ಕಳಿಸಬೇಕು. ಆಸ್ಪತ್ರೆಯವರೂ ತಮಗೆ ಬೇಕಾದ ಡಾಕ್ಟರುಗಳನ್ನು ಹಾಗೇ ಬರೀತಾರಂತೆ. ಕಂಪ್ಯೂಟರು ಎರಡನ್ನೂ ನೋಡಿ ಗಂಟು ಹಾಕುತ್ತೆ. ಬಿದ್ದ ಮೇಲೆ ಒಲ್ಲೆ ಅನ್ನೋ ಹಾಗಿಲ್ಲ. ನನ್ನ ಮದುವೆಯೂ ಹೀಗೇ ಆಯಿತು, ಕಂಪ್ಯೂಟರಿನ ಜಾಗದಲ್ಲಿ ನನ್ನ ಸೋದರಮಾವ ಇದ್ದ, ಅಷ್ಟೇ.

ಗುಬ್ಬಿಯ ಪಟ್ಟಿಯಲ್ಲಿ ಮೊದಲನೆಯದು ಊರಾಚೆಯ ಹೊಸ ಗಾಜಿನ ಆಸ್ಪತ್ರೆ. ಹಳೇ ಆಸ್ಪತ್ರೆ ತೀರಾ ಕೊನೆಗೆ. ನನ್ನ ಮಗನಿಗೆ ಔಷಧಿ ಅಂಗಡಿ. ಅವನು ಕುಣಿದಾಡಿಬಿಟ್ಟ. "ಅಲ್ಲಿರೋ ಯಂತ್ರ ಇಲ್ಲಿ ಯಾರ ಹತ್ರಾನೂ ಇಲ್ಲಮ್ಮ!" ಅಂತ ನನ್ನ ಮುಂದೆ ಅದರ ಗುಣಗಾನ. ಯಂತ್ರ ಕಟ್ಟಿಕೊಂಡು ನಾನೇನು ಮಾಡಲಿ? ಅವಳು ಆರಿಸಿದ್ದು ಯಂತ್ರಕ್ಕಲ್ಲ. ಆ ಆಸ್ಪತ್ರೆಯಲ್ಲಿ ಬೆಲ್ಲೇ ಇಲ್ಲವಂತೆ, ಅದಕ್ಕೆ.

ಸೇರಬೇಕು ಅನ್ನುವವರು ಬಂದು ನೋಡಬಹುದು ಅಂದಿದ್ದರು. ಮೊಣಕಾಲು ತೋರಿಸಿದ ಹಾಗೂ ಆಯಿತು ಅಂತ ನಾನೂ ಹೊರಟೆ. ತೋರಿಸಲಿಲ್ಲ, ಅದು ಬೇರೆ ಕತೆ. ಒಳಗೆ ಹೋದರೆ ನೆಲ ಕನ್ನಡಿ ಹಾಗೆ, ಕಾಲಿಡೋಕೆ ಸಂಕೋಚ. ಅಲ್ಲಿ ಕಲಿಯುತ್ತಿದ್ದ ಒಬ್ಬ ಹುಡುಗಿ ನಮ್ಮನ್ನು ವಾರ್ಡಿಗೆ ಕರೆದುಕೊಂಡು ಹೋದಳು.

"ರೋಗಿ ಗುಂಡಿ ಒತ್ತಿದರೆ ಬಾಗಿಲ ಮೇಲೆ ದೀಪ ಹತ್ತುತ್ತೆ, ನರ್ಸ್ ಫೋನಿಗೆ ಹೋಗುತ್ತೆ. ಒಂದು ಚೂರು ಸದ್ದಿಲ್ಲ. ತುಂಬಾ ನೆಮ್ಮದಿ" ಅಂದಳು.

ನಿಜವಾಗಿಯೂ ಸದ್ದಿರಲಿಲ್ಲ. ನಮ್ಮ ಚಪ್ಪಲಿಯ ಸದ್ದೇ ನಮಗೆ ನಾಚಿಕೆ ತರುವಂತಿತ್ತು. ಉದ್ದದ ಓಣಿ, ಎರಡೂ ಕಡೆ ಬಿಳೀ ಬಾಗಿಲು. ಅರ್ಧ ದಾರಿಯಲ್ಲಿ ಗುಬ್ಬಿ ನಿಂತಳು. ನನ್ನ ತೋಳು ಹಿಡಿದಳು.

"ಅಜ್ಜಿ, ಬೆಲ್ಲು."

ಆ ಕಡೆ ಬಾಗಿಲು ನೋಡಿದಳು, ಈ ಕಡೆ ನೋಡಿದಳು. ಒಂದರ ಮೇಲೂ ದೀಪ ಇಲ್ಲ. ಓಣಿಯ ತುದಿಯವರೆಗೂ ಹೋಗಿ ಪ್ರತಿ ಬಾಗಿಲನ್ನೂ ಕತ್ತೆತ್ತಿ ನೋಡಿ ಬಂದಳು. ಕಣ್ಣಲ್ಲಿ ನೀರು.

"ಎಲ್ಲಿಗೆ ಹೋಗಲಿ ಅಜ್ಜಿ? ಕರೀತಾ ಇದಾಳೆ. ಯಾವ ಬಾಗಿಲಿಗೆ ಹೋಗಲಿ?"

ಆ ಹೊತ್ತಿಗೆ ನನಗೂ ಕೇಳಿಸಿತೋ, ಅವಳ ಮುಖ ನೋಡಿ ಕೇಳಿಸಿದ ಹಾಗಾಯಿತೋ, ಆಣೆ ಮಾಡಿ ಹೇಳಲಾರೆ. ದೂರದಲ್ಲಿ, ಸಣ್ಣಗೆ, ಬಿಡದೆ. ಅವಳನ್ನು ಎಳೆದುಕೊಂಡು ಹೊರಗೆ ಬಂದೆ.

ಪಟ್ಟಿ ಕಳಿಸುವ ಕೊನೇ ದಿನ ಅವಳು ಇದೇ ಮೇಜಿನ ಮುಂದೆ ಕೂತು ಹಳೇ ಆಸ್ಪತ್ರೆಯನ್ನು ಎತ್ತಿ ಮೊದಲನೆಯದಾಗಿ ಹಾಕಿದಳು. ಅವಳಪ್ಪ ಅಂಗಡಿ ಬಿಟ್ಟು ಓಡಿ ಬಂದ.

"ತಲೆ ನೆಟ್ಟಗಿದೆಯೇನೇ? ಈ ಕಾಯಿಲೆ ಹತ್ತಿದ್ದೇ ಅಲ್ಲಿ!"

"ಅಪ್ಪ, ಬೆಲ್ಲು ನಾನು ಎಲ್ಲಿ ಹೋದ್ರೂ ಬರುತ್ತೆ. ಅಲ್ಲಾದ್ರೆ ಎದ್ದು ಹೋಗೋಕೆ ಒಂದು ಮಂಚ ಇರುತ್ತೆ, ಅದರಲ್ಲಿ ಯಾರೋ ಇರ್ತಾರೆ. ಮನೇಲಿ, ಆ ಗಾಜಿನ ಆಸ್ಪತ್ರೇಲಿ ಎದ್ದರೆ ಬರೀ ಬಾಗಿಲು."

"ಮೂರು ವರ್ಷ ಕಣೇ. ಆಮೇಲೆ ಬೇಡ ಅಂದ್ರೂ ಬಿಡೋ ಹಾಗಿಲ್ಲ."

"ಗೊತ್ತಪ್ಪ."

ಅವನು ನನ್ನ ಕಡೆ ತಿರುಗಿದ. "ನೀನಾದ್ರೂ ಹೇಳಮ್ಮ."

"ನೀನು ಹೋಗಿ ಅಂಗಡಿ ನೋಡ್ಕೋ, ಕೆಮ್ಮಿನೋರು ಕಾಯ್ತಿರ್ತಾರೆ" ಅಂದೆ.

ಅದೇ ಆಸ್ಪತ್ರೆ ಸಿಕ್ಕಿತು. ಈಗ ಅಲ್ಲಿಯೇ ಇದ್ದಾಳೆ, ವಾರ್ಡೂ ಅದೇ. ಬೆಲ್ಲು ನಿಂತಿತಾ ಅಂತ ಕೇಳಬೇಡ. ನಿಂತಿಲ್ಲ. ಯಾರೂ ಒತ್ತದಿದ್ದರೂ ಅವಳಿಗೆ ಕೇಳುತ್ತೆ, ಕೇಳಿದರೆ ಎದ್ದು ಕಿಟಕಿ ಪಕ್ಕದ ಮಂಚಕ್ಕೆ ಹೋಗ್ತಾಳೆ. ಯಾರೇ ಇರಲಿ, "ಏನಾದ್ರೂ ಬೇಕಾ?" ಅಂತಾಳೆ. ಅಲ್ಲಿ ಮಲಗಿದವರಿಗೆ ಏನಾದರೂ ಬೇಕಾಗಿಯೇ ಇರುತ್ತದಂತೆ. ನೀರು, ಇನ್ನೊಂದು ದಿಂಬು, ಸುಮ್ಮನೆ ಒಂದು ಮಾತು. ಹೋದ ವಾರ ಅಲ್ಲಿದ್ದ ಹೆಂಗಸೊಬ್ಬಳು, "ಈಗ ತಾನೇ ಒತ್ತೋಣ ಅಂತಿದ್ದೆ, ನಿಮಗೆ ಯಾರು ಹೇಳಿದ್ರು ಡಾಕ್ಟರೇ?" ಅಂದಳಂತೆ. ಇದನ್ನು ಹೇಳುವಾಗ ಗುಬ್ಬಿ ನಗುತ್ತಿದ್ದಳು, ಕಣ್ಣು ಮಾತ್ರ ನಗುತ್ತಿರಲಿಲ್ಲ.

ಸರಿ, ಏಳು ಈಗ. ಅಡುಗೆಮನೆ ಕಟ್ಟೆ ಮೇಲೆ ಊಟದ ಡಬ್ಬಿ ಕಟ್ಟಿಟ್ಟಿದ್ದೀನಿ, ಆಸ್ಪತ್ರೆಗೆ ಹೋಗಿ ಅವಳಿಗೆ ಕೊಟ್ಟು ಬಾ. ಕೊಟ್ಟು ಓಡಿ ಬರಬೇಡ, ತಿನ್ನೋವರೆಗೂ ಎದುರಿಗೇ ಕೂತ್ಕೋ. ನಡುವೆ ಅವಳು ಎದ್ದು ಹೊರಟರೆ, ನಿನಗೆ ಬೆಲ್ಲು ಕೇಳಿಸದಿದ್ದರೂ, ತಡೀಬೇಡ. ಡಬ್ಬಿಗೆ ಮುಚ್ಚಳ ಹಾಕಿಟ್ಟು ಅವಳು ಬರೋ ತನಕ ಕಾಯಿ.