ಲೆಸ್ಟರಿಗೆ ಹೋದ ಬಿಳಿ ಗೌನು

ಹೊಸ ಸ್ಯಾಟಿನ್ ಬಟ್ಟೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಹಾಯುವಾಗ ಒಂದು ವಾಸನೆ ಏಳುತ್ತದೆ. ಗಂಜಿಯದೂ ಅಲ್ಲ, ಸುಟ್ಟದ್ದೂ ಅಲ್ಲ. ಸ್ವಲ್ಪ ಸಿಹಿ, ಸ್ವಲ್ಪ ಮೂಗಿಗೆ ಚುಚ್ಚುವಂಥದು. ನಾನು ಪಾಠ ಹೇಳುವ ಶಾಲೆ ಅಬುಧಾಬಿಯ ಖಲೀಫಾ ಸಿಟಿಯಲ್ಲಿದೆ. ವಾರ್ಷಿಕೋತ್ಸವಕ್ಕೆ ಮಕ್ಕಳ ಉಡುಪು ತರಲೆಂದು ಕಳೆದ ತಿಂಗಳು ದರ್ಜಿಯ ಅಂಗಡಿಗೆ ಹೋಗಿದ್ದಾಗ ಆ ವಾಸನೆ ಬಂತು. ದರ್ಜಿ ಎಷ್ಟು ಸಲ ಕರೆದನೋ ಗೊತ್ತಿಲ್ಲ. ನಾನು ದುಬೈಯ ಮಿರ್ದಿಫಿನಲ್ಲಿ, ಹಿಲ್ಡಾ ಆಂಟಿಯ ಕೋಣೆಯಲ್ಲಿ, ಎಂಟು ವರ್ಷದವಳಾಗಿ ಕೈ ಅಗಲಿಸಿ ನಿಂತಿದ್ದೆ.

ಮಿರ್ದಿಫಿನ ಆ ಹಳೆಯ ವಿಲ್ಲಾದ ಕೆಳಗಿನ ಅಂತಸ್ತಿನಲ್ಲಿ ನಾವು ಎರಡು ಕುಟುಂಬದವರು ಶೇರಿಂಗಿನಲ್ಲಿದ್ದೆವು. ಮುಂದಿನ ಎರಡು ಕೋಣೆ ನಮ್ಮದು, ಹಿಂದಿನದು ರೋನಿ ಅಂಕಲ್ ಮತ್ತು ಹಿಲ್ಡಾ ಆಂಟಿಯದು, ಅಡುಗೆಮನೆ ಎಲ್ಲರದು. ನಾವು ಕಾಪುವಿನ ಕಡೆಯ ತುಳುವರು, ಅವರು ಮಂಗಳೂರಿನ ಕೊಂಕಣಿ ಕ್ರೈಸ್ತರು. ಒಂದೇ ಒಲೆಯ ಮೇಲೆ ಅಮ್ಮನ ಬಸಳೆ ಹುಳಿಯೂ ಆಂಟಿಯ ಮೀನುಸಾರೂ ಅಕ್ಕಪಕ್ಕ ಕುದಿಯುತ್ತಿದ್ದವು. ಅಪ್ಪ ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಲ್ಲಿ ಮೇಲ್ವಿಚಾರಕರು, ರೋನಿ ಅಂಕಲ್ ವಿಮಾನದ ಸರಕು ವಿಭಾಗದಲ್ಲಿ. ಆಂಟಿ ಒಂದು ದೊಡ್ಡ ಹೋಟೆಲಿನ ಸಮವಸ್ತ್ರ ಹೊಲಿಯುವ ಕೋಣೆಯಲ್ಲಿದ್ದರು. ಸಂಜೆ ಮನೆಗೆ ಬಂದು ಮತ್ತೆ ಮಿಷನ್ನಿನ ಮುಂದೆಯೇ ಕೂರುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಶಾಲೆಯಿಂದ ಬಂದವಳು ನಾನು ಮೊದಲು ತಟ್ಟುತ್ತಿದ್ದುದು ಅವರ ಬಾಗಿಲನ್ನು. ತಟ್ಟುವುದೇನು, ಅದು ತೆರೆದೇ ಇರುತ್ತಿತ್ತು. ನನ್ನ ತಲೆ ಬಾಚುವವರು ಅವರು, ಗಣಿತದ ತಪ್ಪಿಗೆ ಕಿವಿ ಹಿಂಡುವವರು ಅವರು. "ಇವಳು ನಿಮ್ಮದಾ ಹಿಲ್ಡಾ ಬಾಯಿಯದ್ದಾ?" ಎಂದು ಮೇಲಿನ ಅಂತಸ್ತಿನವರು ಅಮ್ಮನನ್ನು ಕೆಣಕಿದರೆ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಹೆತ್ತ ಅಮ್ಮ ಹೇಗೂ ಇದ್ದಳು. ಆಂಟಿಯನ್ನು ಮಾತ್ರ ನಾನೇ ಸಂಪಾದಿಸಿಕೊಂಡದ್ದೆಂದು ನನ್ನ ಲೆಕ್ಕ.

ಆ ಲೆಕ್ಕ ತಪ್ಪಿಸಿದವಳು ಶರಲ್. ರೋನಿ ಅಂಕಲ್ಲಿನ ತಂಗಿ ಜೆಸಿಂತಾ ಇಂಗ್ಲೆಂಡಿನ ಲೆಸ್ಟರಿನಲ್ಲಿ ನರ್ಸಾಗಿದ್ದರು. ಶರಲ್ ಅವರ ಮಗಳು, ನನ್ನದೇ ವಯಸ್ಸು. ಊರಿನ ಇಗರ್ಜಿಯಲ್ಲಿ ಅವಳಿಗೆ ಜ್ಞಾನಸ್ನಾನವಾದಾಗ ಎತ್ತಿಕೊಂಡು ನಿಂತ ಧರ್ಮತಾಯಿ ನಮ್ಮ ಹಿಲ್ಡಾ ಆಂಟಿ. ಈಗ ಅವಳ ಮೊದಲ ಪರಮಪ್ರಸಾದ, ಎಂದರೆ ಇಗರ್ಜಿಯ ಪೂಜೆಯಲ್ಲಿ ಮೊದಲ ಸಲ ಪ್ರಸಾದದ ರೊಟ್ಟಿ ಸ್ವೀಕರಿಸುವ ದಿನ, ಬಂದಿತ್ತು. ಅಂದು ಹುಡುಗಿ ಮದುಮಗಳ ಹಾಗೆ ಬಿಳಿ ಗೌನು ತೊಡಬೇಕು, ಆ ಗೌನನ್ನು ಧರ್ಮತಾಯಿ ಕೊಡುವುದು ಅವರ ಮನೆತನದ ಪದ್ಧತಿ. ಗಂಡಹೆಂಡತಿ ಎರಡು ವಾರದ ರಜೆ ಹಾಕಿದರು. ಲೆಸ್ಟರಿನಲ್ಲಿ ತಂಗಿಯ ಮನೆ, ಆಮೇಲೆ ಲಂಡನ್ನಿನ ಹತ್ತಿರ ಅಂಕಲ್ಲಿನ ಹಳೆಯ ಸ್ನೇಹಿತರ ಮನೆ ಎಂದು ತೀರ್ಮಾನವಾಯಿತು. ಮನೆಯಲ್ಲಿ ಊಟಕ್ಕೆ ಕೂತರೂ ಶರಲ್, ಎದ್ದರೂ ಶರಲ್. ಫೋಟೋದಲ್ಲಿ ಮಾತ್ರ ಕಂಡಿದ್ದ ಆ ಹುಡುಗಿಯನ್ನು ನಾನು ಮನಸಾರೆ ದ್ವೇಷಿಸಿದೆ. ಅವಳ ಮುಂದಿನ ಎರಡು ಹಲ್ಲು ಬಿದ್ದಿದ್ದವು. ಅದೊಂದೇ ನನಗೆ ಸಮಾಧಾನ. ನನಗೆ ಯಾವಾಗ ಪರಮಪ್ರಸಾದ ಎಂದು ಒಮ್ಮೆ ಕೇಳಿಯೂಬಿಟ್ಟೆ. ಆಂಟಿ ನಕ್ಕು, ಅದು ನಿಮ್ಮವರಿಗಿಲ್ಲ ಪುತಾ ಅಂದರು. ಪುತಾ ಎಂದರೆ ಕೊಂಕಣಿಯಲ್ಲಿ ಮಗು. ನಿಮ್ಮವರು ಎಂಬ ಮಾತನ್ನು ಅವರು ನನಗೆ ಅಂದದ್ದು ಅದೇ ಮೊದಲು.

ಸತ್ವಾದ ಬಟ್ಟೆ ಅಂಗಡಿಗಳಿಗೆ ನನ್ನನ್ನೂ ಕರೆದುಕೊಂಡು ಹೋದರು. ಸ್ಯಾಟಿನ್ನಿನ ಥಾನನ್ನು ನನ್ನ ಹೆಗಲ ಮೇಲೆ ಹರಡಿ ದೂರ ನಿಂತು ನೋಡಿದರು. ಅಂಗಡಿಯವನು ಮಗಳಿಗೆ ಬಹಳ ಒಪ್ಪುತ್ತದೆ ಎಂದು ಹಿಂದಿಯಲ್ಲಿ ಹೇಳಿದಾಗ ಆಂಟಿ ತಿದ್ದಲಿಲ್ಲ. ಗೌನು ಶರಲಳದೆಂದು ಗೊತ್ತಿದ್ದೂ ಆ ಐದು ನಿಮಿಷ ನಾನು ಗಾಳಿಯಲ್ಲಿದ್ದೆ. ಮರುದಿನ ಸ್ಯಾಟಿನ್ನಿಗೆ ಇಸ್ತ್ರಿ ಹಾಕಿಟ್ಟು ಅಳತೆ. ಲೆಸ್ಟರಿನಿಂದ ಇಂಚುಗಳನ್ನು ಬರೆದು ಕಳಿಸುತ್ತೇವೆಂದರೂ ಆಂಟಿ ಒಪ್ಪಿರಲಿಲ್ಲ. ಕಾಗದದ ಅಳತೆಗೆ ತಾನು ಕತ್ತರಿ ಹಾಕುವವಳಲ್ಲ, ಮೈಯ ಮೇಲೆ ಟೇಪು ಹಿಡಿದೇ ಅಳೆಯುವವಳು ಎಂದು ಅವರಿಗೆ ಹೆಮ್ಮೆ. ಇಬ್ಬರೂ ಒಂದೇ ಎತ್ತರ, ಒಂದೇ ತೂಕ ಎಂದು ಫೋನಿನಲ್ಲಿ ತೀರ್ಮಾನವಾಗಿತ್ತು. ಹಾಗಾಗಿ ಶರಲಳ ಗೌನಿಗೆ ನಾನು ನಿಲ್ಲಬೇಕು. ನಿಂತೆ. ಟೇಪು ಎದೆಯ ಸುತ್ತ ಬರುವಾಗ ಉಸಿರೆಲ್ಲ ಹೊರಗೆ ಬಿಟ್ಟೆ, ಸೊಂಟಕ್ಕಿಳಿಯುವಾಗ ಹೊಟ್ಟೆಯನ್ನು ಬೆನ್ನಿಗಂಟಿಸಿದೆ. ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಅವಳಿಗೆ ಸರಿಹೊಂದಬಾರದು, ಅವಳಿಗೆ ಸರಿಹೊಂದಬಾರದು, ಅಷ್ಟೇ ನನ್ನ ಪ್ರಾರ್ಥನೆ. ಆಂಟಿ ಪೆನ್ಸಿಲಿನಲ್ಲಿ ಬರೆದುಕೊಂಡರು.

ಹತ್ತು ಸಂಜೆ ಆ ಗೌನು ಮಿಷನ್ನಿನ ಮೇಲೆ ಬೆಳೆಯಿತು. ಕೊರಳಿಗೆ ಲೇಸು, ತೋಳಿಗೆ ಪುಟ್ಟ ಪುಟ್ಟ ಮುತ್ತು, ಬೆನ್ನಿಗೆ ಜಿಪ್ಪು. ಅಷ್ಟು ಚಂದದ್ದನ್ನು ನಾನು ಇವತ್ತಿಗೂ ಕಂಡಿಲ್ಲ. ಅವರು ಹೊರಟ ದಿನ ನಾನು ಟಾಟಾ ಮಾಡಲು ಬಾಗಿಲಿಗೆ ಬರಲಿಲ್ಲ. ಎರಡು ವಾರ ಹಿಂದಿನ ಕೋಣೆಗೆ ಬೀಗ ಬಿದ್ದಿತ್ತು. ಶಾಲೆಯಿಂದ ಬಂದು ಆ ಬೀಗ ನೋಡಿ, ಈಗ ಆಂಟಿ ಅಲ್ಲಿ ಯಾರ ತಲೆ ಬಾಚುತ್ತಿರಬಹುದೆಂದು ಊಹಿಸಿ, ತಿಂಡಿ ಬೇಡವೆಂದು ಅಮ್ಮನ ಮೇಲೆ ರೇಗುತ್ತಿದ್ದೆ.

ಮರಳಿ ಬಂದಾಗ ಪೆಟ್ಟಿಗೆಯ ತುಂಬ ಚಾಕಲೇಟು, ಬಿಸ್ಕತ್ತಿನ ಡಬ್ಬಿ, ಫೋಟೋಗಳು. ಫೋಟೋಗಳಲ್ಲಿ ಶರಲ್ ಬೇರೆ ಯಾವುದೋ ಬಿಳಿ ಅಂಗಿಯಲ್ಲಿದ್ದಳು, ಅಂಗಡಿಯದು. ನನ್ನ ಎದೆ ಕುಣಿಯಿತು. ಎಷ್ಟು ಹೊತ್ತು? ಆಂಟಿ ಅಡುಗೆಮನೆಯಲ್ಲಿ ಅಮ್ಮನ ಹತ್ತಿರ ಮಾತಾಡುವುದು ಕೇಳಿಸುವ ತನಕ. ಇಗರ್ಜಿಗೆ ಹೊರಡುವ ಹಿಂದಿನ ದಿನ ತೊಡಿಸಿ ನೋಡಿದರೆ ಜಿಪ್ಪು ಅರ್ಧಕ್ಕೇ ನಿಂತಿತಂತೆ. ನೆಂಟರೆಲ್ಲ ಸುತ್ತ ನಿಂತಿದ್ದಾಗ ಜೆಸಿಂತಾ ಒಂದು ಮಾತು ಅಂದರಂತೆ: "ಹೆತ್ತಿದ್ರೆ ಮಕ್ಕಳ ಅಳತೆ ಗೊತ್ತಾಗ್ತಿತ್ತು." ಆಂಟಿ ಅಳಲಿಲ್ಲ, ಬೆಳ್ಳುಳ್ಳಿ ಸುಲಿಯುತ್ತಿದ್ದರು. ಬಾಗಿಲ ಹಿಂದೆ ನಿಂತು ನಾನು ಎಲ್ಲವನ್ನೂ ಕೇಳಿಸಿಕೊಂಡೆ. ಉಂಡ ಮನೆಗೆ ಎರಡು ಬಗೆದವಳು ನಾನು. ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಹೇಳಿದರೆ ಅವರು ನನ್ನನ್ನು ಬಿಟ್ಟು ಶರಲಳನ್ನೇ ಹಚ್ಚಿಕೊಂಡಾರೆಂಬ ಭಯ. ಹೊಟ್ಟೆಕಿಚ್ಚು ಅಷ್ಟಾದರೂ ತಣಿದಿರಲಿಲ್ಲ ನೋಡಿ.

ಒಂಬತ್ತು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೆ. ಆಮೇಲೆ ಅಂಕಲ್ಲಿನ ಕೆಲಸ ಹೋಯಿತು, ವೀಸಾ ಕ್ಯಾನ್ಸಲ್ ಆಯಿತು. ಗಲ್ಫಿನ ಬಾಳು ಅಷ್ಟೇ, ಒಂದು ಕಾಗದ ಬಂದರೆ ಖಲಾಸ್. ಊರಿಗೆ ಹೋಗುವ ಸಾಮಾನು ಕಟ್ಟುತ್ತಿದ್ದ ಮಧ್ಯಾಹ್ನ, ನನಗಾಗ ಹದಿನೇಳು, ಆಂಟಿಯ ಎದುರು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಅವರು ರಟ್ಟಿನ ಪೆಟ್ಟಿಗೆಗೆ ಟೇಪು ಅಂಟಿಸುವುದನ್ನು ನಿಲ್ಲಿಸಲಿಲ್ಲ.

"ಅವತ್ತೇ ಗೊತ್ತಿತ್ತು ಪುತಾ. ನಿನ್ನ ಮುಖ ಕೆಂಪಾಗಿತ್ತು. ಅದಕ್ಕೇ ಹೊಲಿಗೆ ಒಳಗೆ ಎರಡಿಂಚು ಬಟ್ಟೆ ಬಿಟ್ಟಿದ್ದೆ. ಬಿಚ್ಚಿ ಹೊಲಿದ್ರೆ ಅರ್ಧ ಗಂಟೆ ಕೆಲಸ."

"ಮತ್ತೆ ಬಿಚ್ಚಲಿಲ್ಲ ಯಾಕೆ?"

"ಬಿಚ್ಲಿಕ್ಕೆ ಅಂತ ಬ್ಲೇಡು ಕೈಯಲ್ಲಿ ಹಿಡ್ಕೊಂಡಿದ್ದೆ. ಆಗ ಜೆಸಿಂತಾ ಆ ಮಾತು ಹೇಳಿದ್ಳು. ನಂಗೆ ನಿನ್ನ ನೆನಪಾಯ್ತು. ನನ್ನನ್ನು ಬಿಟ್ಟುಕೊಡ್ಲಿಕ್ಕೆ ಮನಸ್ಸಿಲ್ಲದೆ ಒಬ್ಳು ಉಸಿರು ಕಟ್ಟಿ ನಿಂತಿದ್ಳಲ್ಲ ಅಂತ. ಬ್ಲೇಡು ಕೆಳಗಿಟ್ಟೆ." ಇನ್ನೊಂದು ಪೆಟ್ಟಿಗೆ ಎಳೆದುಕೊಂಡು, ಶರಲಳಿಗೆ ಮಾಡಿದ್ದು ಪಾಪವೇ ಹೌದು, ಪಾದ್ರಿಗಳ ಹತ್ತಿರ ಹೇಳಿ ಆಗಿದೆ ಎಂದರು.

ಊರಿಗೆ ಹೋದ ಎರಡನೆಯ ವರ್ಷ ಆಂಟಿ ತೀರಿಕೊಂಡರು. ನಮಗೆ ಹೋಗಲಾಗಲಿಲ್ಲ. ಶರಲ್ ಲೆಸ್ಟರಿನಿಂದ ಬಂದಿದ್ದಳು, ಶವಪೆಟ್ಟಿಗೆಯ ಪಕ್ಕದಲ್ಲಿ ನಿಂತಿದ್ದಳು ಎಂದು ಅಂಕಲ್ ಫೋನಿನಲ್ಲಿ ಹೇಳಿದರು. ಅಂಥ ಹೊತ್ತಿನಲ್ಲೂ ನನ್ನ ಹೊಟ್ಟೆ ಉರಿಯಿತು. ಮಿರ್ದಿಫಿನ ಆ ಹಿಂದಿನ ಕೋಣೆಗೆ ಅಷ್ಟರಲ್ಲಿ ಬೇರೆ ಕುಟುಂಬ ಬಂದಿತ್ತು. ಒಳ್ಳೆಯ ಜನ. ಅವರು ಬಾಗಿಲು ಹಾಕಿಕೊಂಡಿರುತ್ತಿದ್ದರು.