ಎರಡು ಬಾಟಲಿ ನೀರು

ಟೇಪಕ್ಕನಿಗೆ ಹುಟ್ಟಿದಾಗ ಇಟ್ಟ ಹೆಸರು ಬೇರೆ. ಅದೀಗ ಬ್ಯಾಂಕಿನ ಪಾಸ್‌ಬುಕ್ಕನ್ನು ಬಿಟ್ಟರೆ ಯಾರಿಗೂ ನೆನಪಿಲ್ಲ. ವಯಸ್ಸು ಐವತ್ತಾರು, ಅದರಲ್ಲಿ ಮೂವತ್ತೆಂಟು ವರ್ಷ ಹೊಲಿಗೆ ಯಂತ್ರದ ಮುಂದೆ. ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿರುತ್ತದೆ, ಆದರೆ ಅದು ಗಿರಾಕಿಗಳ ಸಮಾಧಾನಕ್ಕೆ. ಬಾಗಿಲು ದಾಟಿ ಒಳಗೆ ಬಂದವರ ಸೊಂಟ ಎಷ್ಟೆಂದು ಅವಳ ಕಣ್ಣೇ ಹೇಳಿಬಿಡುತ್ತದೆ. ಕೋಪವೋ, ಮೂಗಿನ ತುದಿಯಲ್ಲೇ. "ಸ್ವಲ್ಪ ಬಿಗಿಯಾಗೇ ಹೊಲೀರಿ, ಮುಂದಿನ ತಿಂಗಳು ತೆಳ್ಳಗಾಗ್ತೀನಿ" ಎಂದ ಒಬ್ಬಾಕೆಗೆ "ಹಾಗಾದ್ರೆ ಮುಂದಿನ ತಿಂಗಳೇ ಬನ್ನಿ" ಎಂದು ಬಟ್ಟೆ ವಾಪಸು ಕೊಟ್ಟವಳು ಅವಳು.

ಇಂಥವಳ ಜೊತೆ ಒಂದೇ ಸೂರಿನಡಿ ಇರುವವನು ಅವಳ ತಮ್ಮ, ಗಡಿಯಾರ ರಿಪೇರಿಯವನು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಸಿವೆಗಿಂತ ಸಣ್ಣ ತಿರುಪನ್ನು ಚಿಮಟದಲ್ಲಿ ಹಿಡಿದು ಕೂರಿಸುವ ಕೈ ಅವನದು. ಇಬ್ಬರಿಗೂ ಮದುವೆ ಕೂಡಿಬರಲಿಲ್ಲ. ಅದಕ್ಕೇನೂ ತೊಂದರೆಯಿಲ್ಲ, ತೊಂದರೆ ಏನೆಂದರೆ ಅಕ್ಕ ತಮ್ಮ ಮಾತಾಡಿ ಒಂಬತ್ತು ವರ್ಷವಾಗಿತ್ತು. ಎಂಟು ಗಂಟೆಯವರೆಗೆ ಅಡುಗೆಮನೆ ಅವಳದು, ಅವಳು ಅಂಗಡಿಗೆ ಹೋದ ಮೇಲೆ ಅವನದು. ಉಪ್ಪಿನ ಡಬ್ಬಿ ಎರಡು, ಸೋಪು ಎರಡು, ಬಾಗಿಲ ಹಿಂದೆ ಕೊಡೆ ಎರಡು. ಮನೆ ಬಿಟ್ಟು ಹೋಗೋಣವೆಂದರೆ ಇಬ್ಬರಿಗೂ ಹಟ.

ಜಗಳಕ್ಕೆ ಕಾರಣ ಒಂದು ಲೋಟ ನೀರು. ಅವರಮ್ಮನಿಗೆ ಕರುಳಿನ ಆಪರೇಷನ್ ಆಗಬೇಕೆಂದು ಆಸ್ಪತ್ರೆಗೆ ಸೇರಿಸಿದ್ದರು. ಆಪರೇಷನ್ ಮುಗಿಯುವವರೆಗೆ ಒಂದು ಹನಿ ನೀರೂ ಕೊಡಕೂಡದು ಎಂದು ಡಾಕ್ಟರು ಹೇಳಿದ್ದರು. ಅಮ್ಮ ಒಣಗಿದ ತುಟಿ ಸವರಿಕೊಳ್ಳುತ್ತ ನೀರು, ನೀರು ಎಂದು ಬೇಡಿಕೊಂಡಳು. ಟೇಪಕ್ಕ ಕಲ್ಲು ಮನಸ್ಸು ಮಾಡಿ, "ಬೇಡಮ್ಮ, ಈವರೆಗೆ ಕುಡಿದ ನೀರು ಸಾಕು" ಎಂದು ಹೂಜಿಯನ್ನೇ ಮಂಚದಿಂದ ದೂರ ಸರಿಸಿದಳು. ಅಮ್ಮ ಆಪರೇಷನ್ ಮೇಜಿನಿಂದ ಏಳಲೇ ಇಲ್ಲ. ಎಲ್ಲ ಮುಗಿದ ಮೇಲೆ ತಮ್ಮ ನಾಲ್ಕು ಜನರ ಎದುರಿಗೇ, "ಹೆತ್ತವಳನ್ನ ಬಾಯಾರಿಸಿ ಕಳಿಸಿದೆಯಲ್ಲ" ಎಂದುಬಿಟ್ಟ. ಅವತ್ತಿಂದ ಇವತ್ತಿನವರೆಗೆ ನೀರು ಕುಡಿಯುವಾಗೆಲ್ಲ ಆ ಮಾತು ಅವಳ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಅಂಥ ಮನೆಯಲ್ಲಿ ಹದಿನಾಲ್ಕು ವರ್ಷದ ಗಂಡು ಬೆಕ್ಕೊಂದಿತ್ತು. ಅಮ್ಮ ಸಾಕಿದ್ದು, ಅಮ್ಮನೇ ಅದನ್ನು ದೊರೆ ಎಂದು ಕರೆದದ್ದು. ಅಕ್ಕ ತಮ್ಮನ ನಡುವೆ ಅಂಚೆ ಸಾಗಿಸುವ ಕೆಲಸ ದೊರೆಯದೇ. "ದೊರೆ, ಗ್ಯಾಸ್ ಮುಗಿಯೋಕೆ ಬಂತು ಅಂತ ಹೇಳಪ್ಪ" ಎಂದು ಅವಳು ಬೆಕ್ಕಿನ ಮುಖ ನೋಡಿ ಹೇಳುವಳು. "ದೊರೆ, ನಾಳೆ ತರಿಸ್ತೀನಿ ಅಂತ ಹೇಳು" ಎಂದು ಅವನೂ ಬೆಕ್ಕಿಗೇ ಹೇಳುವನು. ದೊರೆ ಇಬ್ಬರ ಮಾತನ್ನೂ ಕೇಳಿ ಆಕಳಿಸುತ್ತಿತ್ತು.

ಆ ದೊರೆ ಬೇಸಿಗೆಯಲ್ಲಿ ಬಡಕಲಾಯಿತು. ಬಟ್ಟಲು ಬಟ್ಟಲು ನೀರು ಕುಡಿದು, ಅಷ್ಟನ್ನೂ ಹೊರಗೆ ಹಾಕಿ, ಮತ್ತೆ ಬಟ್ಟಲ ಮುಂದೆ ಕೂರುತ್ತಿತ್ತು. ತಮ್ಮ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಪ್ರಾಣಿವೈದ್ಯೆಯ ಹತ್ತಿರ ಹೋದ. ಮೂತ್ರಪಿಂಡಗಳು ಸೋತಿವೆ, ವಾಸಿಯಾಗುವ ಕಾಯಿಲೆಯಲ್ಲ, ಮೈಯಲ್ಲಿ ನೀರು ನಿಲ್ಲುವ ಹಾಗೆ ನೋಡಿಕೊಂಡರೆ ಇನ್ನಷ್ಟು ದಿನ ಸುಖವಾಗಿರುತ್ತದೆ ಎಂದು ಡಾಕ್ಟರಮ್ಮ ಹೇಳಿದರು. ದಿನಕ್ಕೊಮ್ಮೆ ಹೆಗಲ ನಡುವಿನ ಸಡಿಲು ಚರ್ಮ ಎತ್ತಿ, ಸೂಜಿ ಚುಚ್ಚಿ, ನೂರು ಎಂ.ಎಲ್. ಸಲೈನ್ ಬಿಡಬೇಕು. ಇದಿಷ್ಟೂ ಟೇಪಕ್ಕನಿಗೆ ತಿಳಿದದ್ದು ಅವನು ಊಟದ ಮೇಜಿನ ಮೇಲೆ ಬಿಟ್ಟುಹೋದ ಚೀಟಿಯಿಂದ.

ಮರುದಿನ ಬೆಳಿಗ್ಗೆ ಅವನು ಕಿಟಕಿ ಸರಳಿಗೆ ಬಾಟಲಿ ತೂಗುಹಾಕಿ ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಂಡದ್ದನ್ನು ಅವಳು ಬಾಗಿಲ ಸಂದಿಯಿಂದ ನೋಡಿದಳು. ಗಡಿಯಾರದ ಮುಂದೆ ಅಲುಗದ ಆ ಕೈ ಜೀವವಿರುವ ಚರ್ಮದ ಮುಂದೆ ಗಡಗಡ ನಡುಗುತ್ತಿತ್ತು. ಬೆಕ್ಕು ಕಿರುಚಿತು. ಸೂಜಿ ನೆಲಕ್ಕೆ ಬಿತ್ತು. ಅವನು ಎಲ್ಲ ಸುತ್ತಿ ಕಪಾಟಿನಲ್ಲಿಟ್ಟು ಹೊರಗೆ ನಡೆದುಬಿಟ್ಟ.

"ಇವನ ಕೈಲಿ ಆದ ಹಾಗೇ ಇದೆ" ಎಂದುಕೊಂಡಳು ಟೇಪಕ್ಕ. ಅಂದೇ ಅಂಗಡಿಯಿಂದ ನೇರ ದವಾಖಾನೆಗೆ ಹೋಗಿ, ಅಲ್ಲಿನ ಸಹಾಯಕಿಯ ಹತ್ತಿರ ಚುಚ್ಚುವುದನ್ನು ಕಲಿತು, ಇನ್ನೊಂದು ಬಾಟಲಿ ತಂದಳು. ಬಟ್ಟೆಗೆ ಚುಚ್ಚಿ ಚುಚ್ಚಿ ಪಳಗಿದ ಕೈ, ಎರಡನೇ ದಿನಕ್ಕೇ ದೊರೆಗೆ ಗೊತ್ತೇ ಆಗದಂತೆ ಸೂಜಿ ಇಳಿಸಿತು. ಸಂಜೆ ಆರಕ್ಕೆ, ತಮ್ಮ ಮನೆಗೆ ಬರುವ ಮುಂಚೆ, ತನ್ನ ಕೋಣೆಯ ಬಾಗಿಲು ಹಾಕಿಕೊಂಡು ನೂರು ಎಂ.ಎಲ್. ಬಿಡುವಳು. ಆಮೇಲೆ ಬಾಟಲಿ ಹೊಲಿಗೆ ಯಂತ್ರದ ಹಿಂದೆ ಹೋಗುವುದು. ಒಂದು ಮಾತು ಬೆಕ್ಕಿನ ಮೂಲಕವಾದರೂ ಹೇಳಬಹುದಿತ್ತು. ಗ್ಯಾಸಿನ ಮಾತು ಆಡಬಹುದು, ಹಾಲಿನ ಮಾತು ಆಡಬಹುದು, ನೀರಿನ ಮಾತನ್ನು ಮಾತ್ರ ಆ ಮನೆಯಲ್ಲಿ ಆಡುವ ಹಾಗಿರಲಿಲ್ಲ.

ಎರಡು ವಾರ ಕಳೆಯುವಷ್ಟರಲ್ಲಿ ದೊರೆಯ ಮೈ ತುಂಬಿಕೊಂಡಂತೆ ಕಂಡಿತು. ಟೇಪಕ್ಕ ಕೊರಳ ಟೇಪು ತೆಗೆದು ಹೊಟ್ಟೆ ಸುತ್ತ ಅಳೆದಳು. ಹದಿನಾಲ್ಕು ಇಂಚು ಇದ್ದದ್ದು ಹದಿನೈದೂವರೆಯಾಗಿತ್ತು. ಅವಳಿಗೆ ಹಿಡಿಸಲಾರದಷ್ಟು ಸಂತೋಷ. "ಉಂಡಿದ್ದು ಮೈಗೆ ಹತ್ತುತ್ತಿದೆ ಕಣೋ ದೊರೆ" ಎಂದು ಕೆನ್ನೆ ಸವರಿದಳು. ಮುಂಗಾಲ ಹತ್ತಿರ ಚರ್ಮದಡಿ ನೀರು ಜೋಲಾಡುವುದು ಕೈಗೆ ಸಿಕ್ಕಿತ್ತು, ನಿನ್ನೆಯದು ಉಳಿದಿರಬೇಕು ಎಂದುಕೊಂಡಳು. ಮೂವತ್ತೆಂಟು ವರ್ಷ ಸುತ್ತಳತೆ ತೆಗೆದವಳಿಗೆ ಅದರೊಳಗೆ ಇರುವುದು ಮಾಂಸವೋ ನೀರೋ ಎಂದು ಕೇಳುವ ಅಭ್ಯಾಸವಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಅವಳು ಏಳುವಾಗ ದೊರೆ ಬಚ್ಚಲ ಬಾಗಿಲಲ್ಲಿ ಕತ್ತು ಚಾಚಿ ಕೂತಿತ್ತು. ಬಾಯಿ ತೆರೆದಿತ್ತು, ಪಕ್ಕೆಗಳು ತಿದಿಯಂತೆ ಏರಿಳಿಯುತ್ತಿದ್ದವು.

"ಲೋ, ಬಾರೋ ಇಲ್ಲಿ, ಬೇಗ ಬಾ" ಎಂದಳು. ಒಂಬತ್ತು ವರ್ಷದಲ್ಲಿ ಅವಳು ತಮ್ಮನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಇಬ್ಬರಿಗೂ ಅದನ್ನು ಗಮನಿಸುವಷ್ಟು ವ್ಯವಧಾನವಿರಲಿಲ್ಲ. ಅವನು ಬುಟ್ಟಿ ತಂದ, ಅವಳು ಚಪ್ಪಲಿಯನ್ನೂ ಮರೆತು ಆಟೋ ಹತ್ತಿದಳು.

ಡಾಕ್ಟರಮ್ಮ ಎದೆಗೆ ಸ್ಟೆತಾಸ್ಕೋಪ್ ಇಟ್ಟು ತುಂಬ ಹೊತ್ತು ಕೇಳಿದರು. ಆಮೇಲೆ ಬೆಕ್ಕನ್ನು ಆಮ್ಲಜನಕದ ಗಾಜಿನ ಪೆಟ್ಟಿಗೆಯಲ್ಲಿಟ್ಟು ಇವರ ಕಡೆ ತಿರುಗಿದರು.

"ಸಲೈನ್ ದಿನಕ್ಕೆ ಎಷ್ಟು ಕೊಡ್ತಿದ್ದೀರಿ?"

"ನೂರು" ಎಂದಳು ಅಕ್ಕ. "ನೂರು" ಎಂದ ತಮ್ಮ. ಎರಡೂ ಒಂದೇ ಉಸಿರಿಗೆ ಬಂದವು.

"ಕೊಡೋದು ಯಾರು?"

"ನಾನು." ಅದೂ ಎರಡು ಬಾಯಿಂದ ಬಂತು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅಕ್ಕ ತಮ್ಮನ ಮುಖ ನೋಡಿದಳು. "ನಿನ್ನ ಕೈ ನಡುಗ್ತಿತ್ತಲ್ಲೋ."

"ಕಿತ್ತಳೆ ಹಣ್ಣಿಗೆ ಚುಚ್ಚಿ ಚುಚ್ಚಿ ಕಲಿತೆ. ನೀನು ಹೋದ ಮೇಲೆ ಬೆಳಿಗ್ಗೆ ಕೊಡ್ತಿದ್ದೆ. ನೀನು ಕೊಡಲ್ಲ ಅಂದ್ಕೊಂಡಿದ್ದೆ" ಎಂದ ಅವನು. ನೀನು ಕೊಡುವವಳಲ್ಲ ಎಂಬುದು ಎಲ್ಲಿಂದ ಬಂದ ಮಾತೆಂದು ಅವಳಿಗೆ ಗೊತ್ತಿತ್ತು.

ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪದ ಇಬ್ಬರು ಸೇರಿ ಮಾಡಿದ ಕೆಲಸ ನೋಡಿ ಇದು! ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತಂತೆ. ಇಲ್ಲಿ ಅಕ್ಕ ತಮ್ಮನ ಜಗಳದಲ್ಲಿ ಕೂಸು ಊದಿಕೊಂಡಿತ್ತು. "ಇದರ ಹೃದಯವೂ ಸ್ವಲ್ಪ ಸೋತಿದೆ. ಇನ್ನೂರು ಎಂ.ಎಲ್. ತಡೆಯೋ ಶಕ್ತಿ ಇಲ್ಲ. ಶ್ವಾಸಕೋಶದ ಸುತ್ತ ನೀರು ನಿಂತಿದೆ. ನೀರು ಕಡಿಮೆಯಾದ್ರೂ ಕಷ್ಟ, ಹೆಚ್ಚಾದ್ರೂ ಜೀವಕ್ಕೆ ಅಪಾಯ" ಎಂದರು ಡಾಕ್ಟರಮ್ಮ. ಆ ಕೊನೆಯ ಮಾತಿಗೆ ತಮ್ಮನ ಮುಖ ಬಿಳಿಚಿಕೊಂಡಿತು.

ಸೂಜಿ ಹಾಕಿ ಎದೆಯ ನೀರು ತೆಗೆದರು. ದೊರೆ ಮೂರು ದಿನ ಅಲ್ಲೇ ಇತ್ತು. ನಾಲ್ಕನೆಯ ದಿನ ಮನೆಗೆ ಕಳಿಸುವಾಗ, ಒಂದು ವಾರ ಸಲೈನ್ ಬೇಡ, ಆಮೇಲೆ ದಿನ ಬಿಟ್ಟು ದಿನ ಐವತ್ತು ಮಾತ್ರ, ಅದೂ ಒಬ್ಬರೇ ಕೊಡಬೇಕು ಎಂದು ಕಟ್ಟಪ್ಪಣೆಯಾಯಿತು. ಇನ್ನೆಷ್ಟು ದಿನ ಎಂದು ಟೇಪಕ್ಕ ಕೇಳಿದ್ದಕ್ಕೆ ಡಾಕ್ಟರಮ್ಮ ಹೇಳಲಾರೆ ಎಂದರು.

ಆ ವಾರ ಕಳೆಯಿತು. ಬೆಳಿಗ್ಗೆ ಏಳಕ್ಕೆ ತಮ್ಮ ಕಿಟಕಿ ಸರಳಿಗೆ ಬಾಟಲಿ ಕಟ್ಟಿದ. "ನೀನೇ ಚುಚ್ಚು, ನಾನು ಹಿಡ್ಕೋತೀನಿ" ಎಂದು ಟೇಪಕ್ಕ ದೊರೆಯನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಸೂಜಿ ಇಳಿಯಿತು. ಇಬ್ಬರೂ ಬಾಟಲಿಯ ಗೆರೆಗಳನ್ನೇ ನೋಡುತ್ತ ಕೂತರು. ಹತ್ತು, ಇಪ್ಪತ್ತು, ಮೂವತ್ತು. ಅವಳ ಬೆರಳು ಬೆಕ್ಕಿನ ಪಕ್ಕೆಯ ಮೇಲಿತ್ತು. ಐವತ್ತಕ್ಕೆ ಅವಳು ಅಂದಳು:

"ಸಾಕು. ನೀರು ಸಾಕು."

ಅವನು ಕೊಳವೆಯ ಚಕ್ರ ತಿರುಗಿಸಿ ನಿಲ್ಲಿಸಿದ. ಸೂಜಿ ತೆಗೆದ.

"ಅಕ್ಕ, ಅವತ್ತು ನೀನು ಹೀಗೇ ಅಂದಿದ್ದೆ. ಹಾಗಂದು ನೀನು ಔಷಧಿ ಅಂಗಡಿಗೆ ಹೋದೆಯಲ್ಲ, ಆಗ ಅಮ್ಮನಿಗೆ ನಾನು ನೀರು ಕೊಟ್ಟೆ."

ಟೇಪಕ್ಕ ಏಳಲು ನೋಡಿದಳು. ದೊರೆ ತೊಡೆಯ ಮೇಲಿತ್ತು, ಏಳುವ ಹಾಗಿರಲಿಲ್ಲ.

"ಕೊಟ್ಟೆ, ಮಾರನೇ ದಿನ ಅವಳು ಹೋದಳು. ನಾನೇ ಕೊಂದೆನಾ ಅಂತ ಹೆದರಿಕೆ. ಅದನ್ನ ಬಚ್ಚಿಡೋಕೆ ಎಲ್ಲರೆದುರು ನಿನ್ನ ಮೇಲೆ ಹಾಕಿದೆ. ಡಾಕ್ಟರಮ್ಮ ನೀರು ಹೆಚ್ಚಾದ್ರೂ ಜೀವಕ್ಕೆ ಅಪಾಯ ಅಂದಾಗ..."

"ಒಂಬತ್ತು ವರ್ಷ ಕಣೋ" ಎಂದಳು ಟೇಪಕ್ಕ. "ಒಂಬತ್ತು ವರ್ಷ ಒಂದು ಲೋಟ ನೀರು ನೆಟ್ಟಗೆ ಕುಡಿದಿಲ್ಲ ನಾನು." ಎದುರಿಗೆ ಕೂತವನ ಕೆನ್ನೆಗೆ ಎರಡು ಬಿಡಬೇಕು ಅನ್ನಿಸಿತು ಅವಳಿಗೆ. ಅಪ್ಪಿಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡೂ ಆಗಲಿಲ್ಲ, ಕಣ್ಣಲ್ಲಿ ನೀರು ಬಂತು. ದೊರೆ ತಲೆ ಎತ್ತಿ ಒಮ್ಮೆ ಅವಳನ್ನೂ ಒಮ್ಮೆ ಅವನನ್ನೂ ನೋಡಿತು.

ಸೆರಗಿನಿಂದ ಕಣ್ಣೊರೆಸಿಕೊಂಡು ಅವಳು ಕೇಳಿದಳು, "ಎಷ್ಟು ಕುಡಿದಳು?"

"ಅರ್ಧ ಲೋಟ."

"ಹೂಜಿದಾ?"

"ಹ್ಞೂಂ. ತಣ್ಣಗಿತ್ತು. ಕುಡಿದು, ಹಾ ಅಂತ ಉಸಿರು ಬಿಟ್ಟಳು. ನಿಮ್ಮಕ್ಕನಿಗೆ ಹೇಳಬೇಡ, ಬೈತಾಳೆ ಅಂದಳು."