ಹೊರಗೆ ಉಂಡು ಬರುತ್ತಿದ್ದ ಕ್ಯಾಪ್ಟನ್

ನಿಮ್ಮಲ್ಲಿ ಯಾರಾದರೂ ನಾಯಿಯನ್ನು ದಿನಾ ಮೆಸ್ಸಿಗೆ ಊಟಕ್ಕೆ ಕರೆದುಕೊಂಡು ಹೋಗಿದ್ದೀರಾ?

ನಾನು ಹೋಗಿದ್ದೇನೆ. ಆಫೀಸಿಗೆ ಹೊರಡುವ ಮುಂಚೆ, ಚೈನು ಹಿಡಿದು, ಮದ್ರಾಸಿನ ಪುರಸೈವಾಕ್ಕಂ ಮಾರ್ಕೆಟ್ಟಿನ ಹಿಂದಿರುವ ಮಾಂಸದಂಗಡಿಗೆ. ಅವನನ್ನು ಅಲ್ಲಿಯ ಕಂಬಕ್ಕೆ ಕಟ್ಟಿ, ಬೀದಿಯ ಈಚೆ ಬಂದು ನಿಂತು ಪೇಪರು ಓದುತ್ತಿದ್ದೆ (ಓದುವವನ ಹಾಗೆ ನಟಿಸುತ್ತಿದ್ದೆ). ಅವನು ಹಸಿ ಮಾಂಸ ತಿಂದು, ನೀರು ಕುಡಿದು, ನನ್ನ ಕಡೆ ನೋಡುತ್ತಿದ್ದ. ಊಟ ಆಯಿತು, ನಡಿ ಅಂತ.

ಈಗ ಹೋಗುವುದಿಲ್ಲ. ಹೋಗಬೇಕಾದವನೇ ಮನೆಯಲ್ಲಿಲ್ಲ.

ಕ್ಯಾಪ್ಟನ್ ನಮ್ಮ ಆಫೀಸಿನ ಆಂಗ್ಲೋ ಇಂಡಿಯನ್ ಗೆಳೆಯರ ಅಲ್ಸೇಷಿಯನ್. ಅವರು ಸಂಸಾರ ಸಮೇತ ಆಸ್ಟ್ರೇಲಿಯಾಕ್ಕೆ ಹಡಗು ಹತ್ತುವಾಗ ಅವನನ್ನು ನನ್ನ ಕೈಗೆ ಕೊಟ್ಟು, ಕಣ್ಣೊರೆಸಿಕೊಂಡು, ಒಂದೇ ಮಾತು ಹೇಳಿದರು: "ಹಸಿ ಮಾಂಸ ಕೊಡಿ. ಬೇಯಿಸಬೇಡಿ. ಮರಿಯಿಂದ ಅದೇ ಅಭ್ಯಾಸ."

ನಾವೋ ಹುಟ್ಟಾ ಸಸ್ಯಾಹಾರಿಗಳು. ನಾನು ಹೆದರುತ್ತಾ ಹೆಂಡತಿಗೆ ಹೇಳಿದೆ. ಉಡುಪಿ ಕಡೆಯ ಹೆಂಗಸು, ತಲೆ ಚುರುಕು.

"ಬೇಯಿಸ್ಲಿಕ್ಕೇ ಇಲ್ಲ ಅಂದ ಮೇಲೆ ನನ್ನ ಪಾತ್ರೆಗೆ ಮೈಲಿಗೆ ಎಂತದ್ದು ಮಾರಾಯ್ರೇ? ನೀವುಂಟು, ನಿಮ್ಮ ನಾಯಿ ಉಂಟು."

ಅವಳು ಒಪ್ಪಿದಳು. ಆದರೆ ಕೆಳಗಿನ ಮನೆಯ ಆಚಾರ್ಯರು? ನಾವು ಅವರ ಮಹಡಿಯ ಬಾಡಿಗೆದಾರರು. ಅವರು ಮೂರು ತಲೆಮಾರಿನಿಂದ ಮದ್ರಾಸಿನಲ್ಲಿರುವ ಕನ್ನಡದ ವೈಷ್ಣವರು, ಬ್ಯಾಂಕಿನಿಂದ ರಿಟೈರಾದವರು, ಹೆಂಡತಿ ತೀರಿಕೊಂಡು ಒಬ್ಬರೇ ಇರುವವರು. ಈರುಳ್ಳಿ ಕೂಡ ಗೇಟು ದಾಟಬಾರದು ಅನ್ನುವ ಷರತ್ತಿನ ಮೇಲೆ ನಮಗೆ ಮನೆ ಕೊಟ್ಟಿದ್ದರು.

ಮೊದಲು ಅವರೇ ಉತ್ಸಾಹದಿಂದ ಮುಂದೆ ಬಂದರು. "ತಯಿರ್ ಸಾದಂ ಹಾಕೋಣ ಸಾರ್. ಯಾವ ಜೀವಕ್ಕೆ ಒಗ್ಗಲ್ಲ ಅದು?" (ಮೊಸರನ್ನಕ್ಕೆ ಅವರ ಮನೆಯಲ್ಲಿ ಹೇಳುವುದೇ ಹಾಗೆ.) ತಾವೇ ಕಲಸಿ ತಂದು ಹಾಕಿದರು. ಕ್ಯಾಪ್ಟನ್ ಮರ್ಯಾದಸ್ಥ, ತಿಂದ. ತಿಂಗಳಾಗುವಷ್ಟರಲ್ಲಿ ಪಕ್ಕೆಲುಬು ಕಂಡವು, ಕೂದಲು ಉದುರಿತು, ಮೈಯೆಲ್ಲ ಕೆರೆತ. ಪ್ರಾಣಿಗಳ ಡಾಕ್ಟರು ನಮ್ಮಿಬ್ಬರನ್ನೂ ನೋಡಿ, "ಇದು ನಾಯಿ ಸಾರ್, ಮಠದ ಸ್ವಾಮಿಗಳಲ್ಲ" ಎಂದರು.

ಆಚಾರ್ಯರು ಮನೆಯವರೆಗೂ ಚೈನು ತಾವೇ ಹಿಡಿದು ನಡೆದರು. ಗೇಟಿನ ಹತ್ತಿರ ಬಂದು ದನಿ ತಗ್ಗಿಸಿದರು.

"ಪಾವಂ ಸಾರ್ ಅದು, ಪಾಪದ ಜೀವ. ಒಂದು ಮಾಡಿ. ಹೊರಗೇ ತಿಂದ್ಕೊಂಡು ಬರ್ಲಿ. ನಮ್ಮ ಭಾವಮೈದ ಇಲ್ವಾ, ಮಿಲಿಟರಿ ಹೋಟ್ಲಲ್ಲಿ ತಿಂದು ಏನೂ ತೆರಿಯಾದ ಹಾಗೆ, ಗೊತ್ತೇ ಇಲ್ಲದವನ ಥರ ಒಳಗೆ ಬರಲ್ವಾ? ಇವನು ಬಾಯಾದ್ರೂ ತೊಳಸ್ಕೊಂಡು ಬರ್ತಾನೆ."

ಹಾಗೆ ಮೆಸ್ಸು ಗೊತ್ತಾಯಿತು. ದಿನಾ ಹೋಗುವುದು, ತಿನ್ನುವುದು, ಬೀದಿಯ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬರುವುದು. ಕೂದಲು ಮತ್ತೆ ಬಂತು, ಅದೂ ಮಿರಮಿರ ಮಿಂಚುತ್ತಾ. ಸಂಜೆಯಾದರೆ ಆಚಾರ್ಯರು ಜಗಲಿಯಲ್ಲಿ ರೇಡಿಯೋ ಹಾಕಿ ಕೂರುವರು, ಕ್ಯಾಪ್ಟನ್ ಅವರ ಪಾದದ ಮೇಲೆ ಗದ್ದ ಊರಿ ಮಲಗುವನು. ನಾನು ಮೇಲಿನಿಂದ ಕೂಗಿದರೆ ಒಂದು ಕಿವಿ ಎತ್ತುತ್ತಿದ್ದ, ಅಷ್ಟೆ. ಸಾಕಿದವನು ನಾನು, ನಾಯಿ ಅವರದು. ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತಿತ್ತು.

ಆಮೇಲೆ ಆಚಾರ್ಯರ ತಂದೆಯ ತಿಥಿ ಬಂತು.

ಅವತ್ತು ಭಾನುವಾರ. ಅಂಗಡಿಯಲ್ಲಿ ವಿಪರೀತ ರಷ್. ಬೇಗ ವಾಪಸ್ಸು ಬಂದು ಅವನನ್ನು ಮಹಡಿಯಲ್ಲಿ ಕಟ್ಟಿಬಿಡಬೇಕು ಅಂತಿದ್ದವನಿಗೆ ಮಧ್ಯಾಹ್ನವೇ ಆಗಿಹೋಯಿತು. ಯಾವತ್ತೂ ಅಲ್ಲೇ ತಿಂದು ಮುಗಿಸುವ ಕ್ಯಾಪ್ಟನ್ ಅವತ್ತು ಒಂದು ಮೂಳೆಯನ್ನು ಬಾಯಲ್ಲಿ ಕಚ್ಚಿಕೊಂಡೇ ಹೊರಟ. ಒಳ್ಳೆಯ ಮೂಳೆ, ಮಾಂಸ ಇನ್ನೂ ಹತ್ತಿಕೊಂಡಿತ್ತು. ಬೈದೆ, ಎಳೆದೆ. ಬಿಡಲಿಲ್ಲ. ಗೇಟಿನ ಚಿಲಕ ತೆಗೆದೆ ನೋಡಿ, ಚೈನು ಕಿತ್ತುಕೊಂಡು ಒಳಗೆ ನುಗ್ಗಿದ.

ಹಾಲಿನಲ್ಲಿ ಪುರೋಹಿತರು ಎಲೆಯ ಮುಂದೆ ಕೂತಿದ್ದರು. ಆಚಾರ್ಯರು ಒದ್ದೆ ಪಂಚೆಯಲ್ಲಿ ನಿಂತು ಬಡಿಸುತ್ತಿದ್ದರು. ಕ್ಯಾಪ್ಟನ್ ಯಾವ ಎಲೆಯ ಕಡೆಗೂ ನೋಡಲಿಲ್ಲ. ನೆಟ್ಟಗೆ ಅವರ ಹತ್ತಿರ ಹೋಗಿ, ಮೂಳೆಯನ್ನು ಅವರ ಪಾದದ ಬಳಿ ಇಟ್ಟು, ಸ್ವಲ್ಪ ಹಿಂದೆ ಸರಿದು ಕುಳಿತು ಬಾಲ ಆಡಿಸಿದ.

ಆಚಾರ್ಯರು ಕೂಗಿದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ಪುರೋಹಿತರು ಅರ್ಧ ಊಟಕ್ಕೆ ಎದ್ದರು. ತಿಥಿ ಕೆಟ್ಟಿತು.

ಸಂಜೆ ಅವರು ಮೆಟ್ಟಿಲು ಹತ್ತಿ ಬಂದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

"ನಮ್ಮಪ್ಪ ಇವತ್ತು ಹಸ್ಕೊಂಡು ಹೋದ್ರು ಸಾರ್" ಎಂದರು. "ನಿಮ್ಮನ್ನ ಮನೆ ಕಾಲಿ ಮಾಡಿ ಅನ್ನಲ್ಲ. ಆದ್ರೆ ಅವನು..." ಅಲ್ಲಿಗೆ ನಿಲ್ಲಿಸಿ ಇಳಿದು ಹೋದರು.

ಇದಕ್ಕೆ ಏನು ವಾದ ಮಾಡುತ್ತೀರಿ? ಅಪ್ಪ ವರ್ಷಕ್ಕೊಮ್ಮೆ ಉಣ್ಣಲು ಬರುತ್ತಾನೆಂದು ನಂಬಿದವರಿಗೆ, ಬಂದ ಅಪ್ಪ ಉಪವಾಸ ಹೋದ ಸಂಕಟ ಸಣ್ಣದೇ? ನನ್ನ ಹೆಂಡತಿ ಬೇರೆ ಮನೆ ಹುಡುಕೋಣ ಎಂದಳು. ಹುಡುಕಿದೆವು. ನಾಯಿ ಅಂದರೆ ಕೆಲವರು ಯೋಚಿಸಿದರು. ಹಸಿ ಮಾಂಸ ಅಂದ ಕೂಡಲೇ ಎಲ್ಲರೂ ಬಾಗಿಲು ಹಾಕಿದರು. ಕೊನೆಗೆ ನಮ್ಮ ಆಫೀಸಿನ ಅಂತೋಣಿ, ಎಣ್ಣೂರಿನ ಮೀನುಗಾರರ ಮನೆಯವನು, "ನಮ್ಮಲ್ಲಿ ಬಿಡಿ ಸಾರ್" ಎಂದ. ಬಿಟ್ಟು ಬಂದೆ. ಬಸ್ಸಿನಲ್ಲಿ ಅತ್ತುಬಿಟ್ಟೆ ಅಂತ ಹೇಳಿಕೊಳ್ಳಲು ನನಗೆ ನಾಚಿಕೆಯೇನಿಲ್ಲ.

ಆಚಾರ್ಯರು ತಿಥಿಯನ್ನು ಇನ್ನೊಮ್ಮೆ ಕ್ರಮವಾಗಿ ಮಾಡಿದರು. ಕ್ಯಾಪ್ಟನ್ನನ ಸುದ್ದಿ ಮಾತ್ರ ಎತ್ತಲೇ ಇಲ್ಲ. ಕಳೆದ ಭಾನುವಾರ ಮಾತ್ರ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೆಟ್ಟಿಲ ಕೆಳಗೆ ನಿಂತಿದ್ದರು.

"ಎಣ್ಣೂರ್ ಬಸ್ಸು ಪ್ಯಾರೀಸ್ ಕಾರ್ನರಲ್ಲಿ ತಾನೇ ಸಿಗೋದು?"

ಇಬ್ಬರೂ ಹೋದೆವು. ಅವನು ದಡದಲ್ಲಿ ಮೀನಿನ ತಲೆಗಳನ್ನು ಕಟಕಟನೆ ಅಗಿಯುತ್ತಿದ್ದ. ದುಂಡಗಾಗಿದ್ದಾನೆ. ನಮ್ಮನ್ನು ಕಂಡದ್ದೇ ಊಟ ಬಿಟ್ಟು ಓಡಿ ಬಂದ. ನನ್ನ ಹತ್ತಿರ ಅಲ್ಲ, ನನ್ನನ್ನು ದಾಟಿ ಅವರ ಹತ್ತಿರ. ಅವರು ಕವುಚಿ ಹಾಕಿದ್ದ ದೋಣಿಯ ಮೇಲೆ ಕೂತದ್ದೇ, ತೊಡೆಯ ಮೇಲೆ ಮೀನು ನಾರುವ ಬಾಯಿ ಇಟ್ಟ. ಆಚಾರ್ಯರು ಅಲುಗಲಿಲ್ಲ. ಬಿಳಿ ಪಂಚೆ ಹಾಳಾಗುತ್ತಿತ್ತು, ನೋಡಿಯೂ ಅವನನ್ನು ತಳ್ಳಲಿಲ್ಲ.

"ಅವತ್ತು ಅವನು ಅದನ್ನ ನನಗೇ ಅಂತ ತಂದಿದ್ದು ಸಾರ್. ಇರೋದ್ರಲ್ಲಿ ಒಳ್ಳೇದು ಎತ್ತಿಟ್ಟು ತಂದ. ನಾನು ಕತ್ತಿಬಿಟ್ಟೆ." ಅವರ ಮನೆಮಾತಿನಲ್ಲಿ ಹಾಗಂದರೆ ಅರಚುವುದು. ಅವರ ಕಣ್ಣು ತುಂಬಿತ್ತು.

ಇದೇ ಸಮಯ ಅಂದುಕೊಂಡು ಕೇಳಿದೆ: "ಹಾಗಾದರೆ ಕರೆದುಕೊಂಡು ಹೋಗೋಣವೇ?"

ಅವರು ಅವನ ಕಿವಿಯ ಹಿಂದೆ ಕೆರೆದರು.

"ಬರೋ ವರ್ಷ ಮತ್ತೆ ತಿಥಿ ಬರತ್ತಲ್ಲ ಸಾರ್."

ವಾಪಸ್ಸು ಬಂದೆವು. ಅಪ್ಪನಿಗೆ ವರ್ಷದಲ್ಲಿ ಒಂದು ದಿನ, ಸರಿ. ಉಳಿದ ದಿನಗಳ ಸಂಜೆ ಆಚಾರ್ಯರು ಯಾರ ಜೊತೆ ಕೂರಬೇಕು?